ಹೆಸರಿಲ್ಲದ ದೇಶ, ಹೆಸರಿರುವ ಅಪರಾಧಿಗಳು

ಪರದೆಯೇ ಇಲ್ಲದ ಒಂದು ಖಾಲಿ ಟಿ.ವಿ. ಪೆಟ್ಟಿಗೆ. ಅದರ ಹಿಂದೆ ನಿಂತು ಹಾಡುವ, ಕುಣಿಯುವ, ಹೊಡೆದಾಡುವಂತೆ ನಟಿಸುವ ಹುಡುಗರು. ಇದನ್ನು 'ಕಲ್ಪನೆಯ ಟಿ.ವಿ.' ಎಂದು ಶಾಂತಿಪಾಲನಾ ಪಡೆಯ ಸೈನಿಕನಿಗೆ ಮಾರಲು ಹೊರಟ ತುಂಟ ಬಾಲಕ ಅಗು. ತಂದೆ ಶಾಲಾ ಶಿಕ್ಷಕ. ಮನೆಯಲ್ಲಿ ತಾಯಿ, ಅಜ್ಜ, ಕೀಟಲೆ ಮಾಡುವ ಅಣ್ಣ. ನಮ್ಮ ಯಾವುದೇ ಬೀದಿಯಲ್ಲಿ ಸಿಗಬಹುದಾದ ಕುಟುಂಬ ಅದು. ಆ ನಗು ಮುಖದ ಹುಡುಗನೇ ಕೆಲವು ತಿಂಗಳೊಳಗೆ, ಪ್ರಾಣಭಿಕ್ಷೆ ಬೇಡುತ್ತಿರುವ ನಿರಾಯುಧ ವ್ಯಕ್ತಿಯೊಬ್ಬನ ತಲೆಯ ಮೇಲೆ ಮಚ್ಚು ಬೀಸುತ್ತಾನೆ. ಈ ಎರಡು ದೃಶ್ಯಗಳ ನಡುವೆ ಏನಾಯಿತು? 2015ರಲ್ಲಿ ತೆರೆಕಂಡ 'ಬೀಸ್ಟ್ಸ್ ಆಫ್ ನೋ ನೇಷನ್' ಎಂಬ ಚಲನಚಿತ್ರ ಉತ್ತರಿಸಲು ಯತ್ನಿಸುವುದು ಈ ಪ್ರಶ್ನೆಗೆ.

ನೈಜೀರಿಯಾ ಮೂಲದ ಲೇಖಕ ಉಝೋದಿನ್ಮಾ ಇವೆಯಾಲ 2005ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ ಕ್ಯಾರಿ ಜೋಜಿ ಫುಕುನಾಗ ಈ ಚಿತ್ರವನ್ನು ನಿರ್ದೇಶಿಸಿದ್ದಾರೆ. ಚಿತ್ರೀಕರಣ ನಡೆದದ್ದು ಘಾನಾದಲ್ಲಿ. ನಟನೆಯ ಅನುಭವವೇ ಇಲ್ಲದಿದ್ದ ಅಲ್ಲಿನ ಬಾಲಕ ಅಬ್ರಹಾಂ ಅಟ್ಟಾ ಅಗುವಿನ ಪಾತ್ರಕ್ಕಾಗಿ ವೆನಿಸ್ ಚಿತ್ರೋತ್ಸವದಲ್ಲಿ ಉದಯೋನ್ಮುಖ ನಟನಿಗಿರುವ ಪ್ರಶಸ್ತಿ ಪಡೆದ. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ. ಆದರೆ ಮಕ್ಕಳಿರುವವರು ನೋಡಬೇಕಾದ ಚಿತ್ರ.

ಮಗುವನ್ನು ಕೊಲೆಗಾರನನ್ನಾಗಿಸುವುದು ಒಂದೇ ದಿನದ ಕೆಲಸವಲ್ಲ. ಚಿತ್ರ ಅದನ್ನು ಹಂತಹಂತವಾಗಿ ತೋರಿಸುತ್ತದೆ. ಮೊದಲು ಸರಕಾರಿ ಸೈನಿಕರು ಅಗುವಿನ ತಂದೆಯನ್ನೂ ಅಣ್ಣನನ್ನೂ ಕೊಲ್ಲುತ್ತಾರೆ. ತಾಯಿ ಎಲ್ಲಿದ್ದಾಳೆಂಬುದು ತಿಳಿಯದು. ಕಾಡಿನಲ್ಲಿ ಹಸಿದು ಅಲೆಯುವ ಅನಾಥನನ್ನು ಬಂಡುಕೋರರ ಕಮಾಂಡೆಂಟ್ ಎತ್ತಿಕೊಳ್ಳುತ್ತಾನೆ. ಊಟ ಕೊಡುತ್ತಾನೆ, ಬೆನ್ನು ತಟ್ಟುತ್ತಾನೆ, ತಂದೆಯ ಸ್ಥಾನದಲ್ಲಿ ನಿಂತು ತಂದೆಯ ಕೊಲೆಗೆ ಪ್ರತೀಕಾರದ ಭರವಸೆ ನೀಡುತ್ತಾನೆ. ಆಮೇಲೆ ಹಾಡು, ಮಂತ್ರ, ದೀಕ್ಷೆ, ಮಾದಕ ದ್ರವ್ಯ. ಆಮೇಲೆ ಮೊದಲ ಕೊಲೆ. ಒಮ್ಮೆ ಕೈಗೆ ರಕ್ತ ಅಂಟಿತೆಂದರೆ ಮನೆಗೆ ಮರಳುವ ದಾರಿ ಮುಚ್ಚಿತು ಎಂದೇ ಅರ್ಥ. ಅದೇ 'ತಂದೆ' ರಾತ್ರಿಯ ಹೊತ್ತು ಆ ಮಗುವನ್ನು ಲೈಂಗಿಕವಾಗಿಯೂ ಶೋಷಿಸುತ್ತಾನೆ. ಬಂಡುಕೋರ ಪಡೆಗಳಿಗೆ ಮಕ್ಕಳೇ ಏಕೆ ಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಮಗುವಿಗೆ ಸಂಬಳ ಕೊಡಬೇಕಾಗಿಲ್ಲ. ಅದು ಪ್ರಶ್ನೆ ಕೇಳುವುದಿಲ್ಲ. ಸಾವೆಂದರೇನೆಂದು ಅದಕ್ಕೆ ಪೂರ್ತಿ ಅರ್ಥವಾಗಿರುವುದಿಲ್ಲ. ಪ್ರೀತಿ ತೋರಿದವರನ್ನು ಅದು ನಂಬಿಬಿಡುತ್ತದೆ. ಮಗುವಿನ ಸದ್ಗುಣಗಳೇ ಇಲ್ಲಿ ಅದರ ವೈರಿಗಳಾಗುತ್ತವೆ!

ಇಷ್ಟನ್ನು ಪ್ರಾಮಾಣಿಕವಾಗಿ ತೋರಿಸಿದ ಚಿತ್ರದ ಬಗ್ಗೆ ನಮಗೊಂದು ತಕರಾರಿದೆ. ಈ ಕತೆ ನಡೆಯುವ ದೇಶಕ್ಕೆ ಹೆಸರಿಲ್ಲ. ಯುದ್ಧ ಯಾವುದಕ್ಕಾಗಿ, ಬಂದೂಕು ಬಂದದ್ದು ಎಲ್ಲಿಂದ, ಅದಕ್ಕೆ ಹಣ ಕೊಟ್ಟವರು ಯಾರು ಎಂಬುದಕ್ಕೂ ಸ್ಪಷ್ಟ ಉತ್ತರವಿಲ್ಲ. ಈ ನೋವು ಯಾವ ದೇಶದ್ದೂ ಆಗಬಹುದು ಎಂಬುದು ಕಲಾವಿದರ ಸಮರ್ಥನೆಯಾಗಿರಬಹುದು. ಆದರೆ ಹೆಸರಿಲ್ಲದ ದೇಶವನ್ನು ನೋಡಿದ ಪ್ರೇಕ್ಷಕ, 'ಆಫ್ರಿಕಾ ಎಂದರೆ ಹೀಗೆಯೇ' ಎಂದು ನಿಟ್ಟುಸಿರು ಬಿಟ್ಟು ಎದ್ದು ಹೋಗುವ ಅಪಾಯವಿದೆ. ವಾಸ್ತವದಲ್ಲಿ ಈ ದೇಶಗಳಿಗೂ ಹೆಸರಿದೆ, ಅಪರಾಧಿಗಳಿಗೂ ಹೆಸರಿದೆ.

ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಯುದ್ಧಾನಂತರ ಅಧಿಕೃತವಾಗಿ ಶಸ್ತ್ರ ತ್ಯಜಿಸಿದವರ ಪೈಕಿ ಸುಮಾರು 6,800 ಮಂದಿ ಮಕ್ಕಳು. ಅಲ್ಲಿನ ಬಂಡುಕೋರರಿಗೆ ಶಸ್ತ್ರ ಒದಗಿಸಿ ಪ್ರತಿಯಾಗಿ ವಜ್ರ ಪಡೆದವರು ನೆರೆಯ ಲೈಬೀರಿಯಾದ ಅಧ್ಯಕ್ಷ ಚಾರ್ಲ್ಸ್ ಟೇಲರ್. ಬಾಲ ಸೈನಿಕರ ನೇಮಕಾತಿಗೆ ನೆರವಾದದ್ದೂ ಸೇರಿದಂತೆ 11 ಆರೋಪಗಳಲ್ಲಿ ವಿಶೇಷ ನ್ಯಾಯಾಲಯವು 2012ರಲ್ಲಿ ಅವರನ್ನು ತಪ್ಪಿತಸ್ಥರೆಂದು ಘೋಷಿಸಿ 50 ವರ್ಷಗಳ ಶಿಕ್ಷೆ ವಿಧಿಸಿತು. ಆದರೆ ಆ ವಜ್ರಗಳು ಟೇಲರ್ ಮನೆಯಲ್ಲೇ ಉಳಿದವೇ? ಇಲ್ಲ. ಅವು ಜಗತ್ತಿನ ಮಾರುಕಟ್ಟೆಗೆ ಬಂದವು, ಉಂಗುರಗಳಾದವು, ಹಾರಗಳಾದವು. ಈ ವ್ಯಾಪಾರವನ್ನು ತಡೆಯಲು 2003ರಲ್ಲಿ 'ಕಿಂಬರ್ಲಿ' ಪ್ರಮಾಣೀಕರಣ ವ್ಯವಸ್ಥೆ ಜಾರಿಗೆ ಬಂತು. ಆದರೆ ಬಂಡುಕೋರರಿಗೆ ಹಣ ಒದಗಿಸುವ ಕಚ್ಚಾ ವಜ್ರಗಳನ್ನು ಮಾತ್ರ ಅದು 'ಸಂಘರ್ಷದ ವಜ್ರ' ಎಂದು ಪರಿಗಣಿಸುತ್ತದೆ. ಸರಕಾರಿ ಸೈನ್ಯವೇ ದೌರ್ಜನ್ಯ ಎಸಗಿ ತೆಗೆಸಿದ ವಜ್ರ ಆ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ಜಗತ್ತಿನ ಬಹುಪಾಲು ವಜ್ರಗಳಿಗೆ ಸಾಣೆ ಹಿಡಿಯುವುದು ನಮ್ಮ ದೇಶದ ಸೂರತ್‌ನಲ್ಲಿ ಎಂಬುದನ್ನು ನೆನಪಿಸಿಕೊಂಡರೆ, ಆಫ್ರಿಕಾದ ಈ ಕತೆ ನಮ್ಮಿಂದ ಬಹು ದೂರದ್ದೇನಲ್ಲ ಎಂಬುದು ಅರ್ಥವಾದೀತು.

ಇನ್ನು ಕೆಲವರು ಮಕ್ಕಳ ಕೈಗೆ ಬಂದೂಕು ಕೊಡಲು ಧರ್ಮದ ಹೆಸರನ್ನು ಎಳೆದು ತರುತ್ತಾರೆ. ಉಗಾಂಡದ 'ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ' ಬೈಬಲ್‌ನ ಹತ್ತು ಆಜ್ಞೆಗಳ ಮಾತಾಡುತ್ತಲೇ ಸಾವಿರಾರು ಮಕ್ಕಳನ್ನು ಅಪಹರಿಸಿತು. ಸೊಮಾಲಿಯಾದ ಅಲ್ ಶಬಾಬ್ ಮಕ್ಕಳನ್ನು ಯುದ್ಧಕ್ಕೆ ನೂಕಿತು. ನೈಜೀರಿಯಾದ ಬೋಕೋ ಹರಾಮ್ ಹೆಣ್ಣು ಮಕ್ಕಳ ಮೈಗೆ ಬಾಂಬ್ ಕಟ್ಟಿ ಸಂತೆಗಳಿಗೆ ಕಳುಹಿಸಿತು. ಈ ಎರಡೂ ಗುಂಪುಗಳು ಬಳಸುವುದು ಇಸ್ಲಾಮಿನ ಹೆಸರನ್ನು. 'ಅವರಿಗೂ ನಮಗೂ ಸಂಬಂಧವಿಲ್ಲ' ಎಂದು ಹೇಳಿ ಕೈತೊಳೆದುಕೊಂಡರೆ ಸಾಲದು. ಉಹುದ್ ಯುದ್ಧಕ್ಕೆ ಹೊರಟು ನಿಂತ ಹದಿನಾಲ್ಕರ ಇಬ್ನು ಉಮರ್‌ರನ್ನು ಪ್ರವಾದಿಯವರು(ಸ) ಹಿಂದಕ್ಕೆ ಕಳುಹಿಸಿದ್ದರು. ಶತ್ರು ಸಂಖ್ಯೆಯಲ್ಲಿ ಹಲವು ಪಟ್ಟು ಹೆಚ್ಚಿದ್ದಾಗಲೂ ಬಾಲಕನಿಗೆ ಅವರು ಶಸ್ತ್ರ ಕೊಡಲಿಲ್ಲ. ಆ ಪ್ರವಾದಿಯ ಹೆಸರೆತ್ತಿಕೊಂಡು ಮಗುವಿನ ಮೈಗೆ ಬಾಂಬ್ ಕಟ್ಟುವವರನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಖಂಡಿಸಬೇಕಾದವರು ಮುಸ್ಲಿಮರೇ.

ಹಾಗಾದರೆ ಬಂದೂಕು ಹಿಡಿದ ಮಗು ನಿರ್ದೋಷಿಯೇ? ಸುಲಭದ ಪ್ರಶ್ನೆಯಲ್ಲ ಇದು. ಅದು ಕೊಂದವರಿಗೂ ತಾಯಂದಿರಿದ್ದರು. ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯಕ್ಕೆ 15 ವರ್ಷ ದಾಟಿದವರನ್ನು ವಿಚಾರಿಸುವ ಅಧಿಕಾರವಿತ್ತು. ಆದರೂ ಮಕ್ಕಳನ್ನು ಕಟಕಟೆಗೆ ತರುವುದಿಲ್ಲವೆಂದು ಅಲ್ಲಿನ ಪ್ರಧಾನ ಅಭಿಯೋಜಕರು ಘೋಷಿಸಿದರು. ಮಗುವಿನ ಮಟ್ಟಿಗೆ ಅದು ಸರಿಯಾದ ದಾರಿ. ಆದರೆ ಮಗು ಬೆಳೆಯುತ್ತದೆ. ಡೊಮಿನಿಕ್ ಒಂಗ್ವೆನ್ ಎಂಬಾತ ಸುಮಾರು ಒಂಬತ್ತು ವರ್ಷದವನಿದ್ದಾಗ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿಯಿಂದ ಅಪಹೃತನಾದವನು. ಬೆಳೆದು ಅದರದ್ದೇ ಕಮಾಂಡರ್ ಆದ. ಇತರ ಮಕ್ಕಳನ್ನು ಅಪಹರಿಸಿದ. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು 2021ರಲ್ಲಿ 61 ಅಪರಾಧಗಳಲ್ಲಿ ಆತ ತಪ್ಪಿತಸ್ಥನೆಂದು ತೀರ್ಪಿತ್ತು, 25 ವರ್ಷಗಳ ಸೆರೆವಾಸ ವಿಧಿಸಿತು. ಬಾಲ್ಯದಲ್ಲಿ ಆತ ಅನುಭವಿಸಿದ ಯಾತನೆ ಅಪರಾಧವನ್ನು ಅಳಿಸಲಾರದು, ಆದರೆ ಶಿಕ್ಷೆಯನ್ನು ನಿರ್ಧರಿಸುವಾಗ ಅದನ್ನು ಮರೆಯಲಾಗದು ಎಂಬುದು ನ್ಯಾಯಾಧೀಶರ ನಿಲುವಾಗಿತ್ತು. ರಕ್ಷಿಸಲ್ಪಡದ ಅಗು ನಾಳಿನ ಕಮಾಂಡೆಂಟ್ ಆಗುತ್ತಾನೆ ಎಂಬ ಎಚ್ಚರಿಕೆ ಆ ತೀರ್ಪಿನಲ್ಲಿದೆ.

ಆದ್ದರಿಂದ ಬಂದೂಕನ್ನು ಕಸಿದುಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮರಳಿ ಬಂದ ಮಗುವಿಗೆ ಶಾಲೆ ಬೇಕು, ಕಸುಬು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವ ಊರು ಬೇಕು. ಸಿಯೆರಾ ಲಿಯೋನ್‌ನಲ್ಲಿ ಹುಡುಗಿಯರ ಪಾಲಿಗೆ ಇದು ಇನ್ನೂ ಕಠಿಣವಾಯಿತು. ಬಂದೂಕು ಒಪ್ಪಿಸಿದವರನ್ನೇ ಸೈನಿಕರೆಂದು ಗುರುತಿಸುವ ಕ್ರಮದಿಂದಾಗಿ, ಅಡುಗೆಯಾಳುಗಳಾಗಿ, ಬಲವಂತದ 'ಪತ್ನಿ'ಯರಾಗಿ ಬಳಸಲ್ಪಟ್ಟ ಎಷ್ಟೋ ಹುಡುಗಿಯರು ಪುನರ್ವಸತಿಯ ಪಟ್ಟಿಯಿಂದಲೇ ಹೊರಗುಳಿದರು. ಮಗುವನ್ನು ಹೊತ್ತು ಊರಿಗೆ ಮರಳಿದ ಅನೇಕರನ್ನು ಸ್ವಂತದವರೇ ದೂರವಿಟ್ಟರು.

ಕಾನೂನು ಇಲ್ಲವೆಂದಲ್ಲ. 2000ದಲ್ಲಿ ಅಂಗೀಕಾರವಾಗಿ 2002ರ ಫೆಬ್ರವರಿ 12ರಂದು ಜಾರಿಗೆ ಬಂದ ವಿಶ್ವಸಂಸ್ಥೆಯ ಒಪ್ಪಂದವು 18 ವರ್ಷದೊಳಗಿನವರನ್ನು ನೇರ ಯುದ್ಧದಲ್ಲಿ ತೊಡಗಿಸುವುದರ ವಿರುದ್ಧವಿದೆ. ಬಂಡುಕೋರರು ಅವರನ್ನು ಸೇರಿಸಿಕೊಳ್ಳುವುದನ್ನೇ ಅದು ನಿಷೇಧಿಸುತ್ತದೆ. ಆದರೆ ಸರಕಾರಗಳು 16 ತುಂಬಿದವರನ್ನು ಸ್ವಯಂ ಇಚ್ಛೆಯ ಹೆಸರಿನಲ್ಲಿ ಸೇನೆಗೆ ಸೇರಿಸಿಕೊಳ್ಳಲು ಅದೇ ಒಪ್ಪಂದ ಅವಕಾಶ ಉಳಿಸಿದೆ. ಆಫ್ರಿಕಾಕ್ಕೆ ಉಪದೇಶ ಮಾಡುವ ಬ್ರಿಟನ್ ಆ ಅವಕಾಶವನ್ನು ಬಳಸಿಕೊಳ್ಳುತ್ತಿರುವುದು ವಿಪರ್ಯಾಸವಲ್ಲವೇ? 2024ನೇ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಶಸ್ತ್ರ ಪಡೆಗಳು ಸೇರಿಸಿಕೊಂಡದ್ದನ್ನು ವಿಶ್ವಸಂಸ್ಥೆ ಖಚಿತಪಡಿಸಿದೆ. ಲೆಕ್ಕಕ್ಕೆ ಸಿಕ್ಕವರು ಇವರು. ಕಾಂಗೋ, ಸುಡಾನ್‌ಗಳ ಕಾಡು ಮರುಭೂಮಿಗಳಲ್ಲಿ ಲೆಕ್ಕಕ್ಕೆ ಸಿಗದವರೂ ಇದ್ದಾರೆ.

ಚಿತ್ರದ ಕೊನೆಯಲ್ಲಿ, ಪುನರ್ವಸತಿ ಕೇಂದ್ರದಲ್ಲಿ ಅಗು ಆಪ್ತ ಸಮಾಲೋಚಕಿಯ ಎದುರು ಕುಳಿತಿದ್ದಾನೆ. ತಾನು ಮಾಡಿದ್ದನ್ನೆಲ್ಲ ಹೇಳಿದರೆ ತನ್ನನ್ನು ಮೃಗವೆಂದು ತಿಳಿಯುವಿರಿ ಎಂಬ ಅಳುಕು ಅವನಿಗೆ. ಆದರೆ ತನಗೂ ಒಮ್ಮೆ ತಾಯಿ ತಂದೆಯರಿದ್ದರು, ಅವರು ತನ್ನನ್ನು ಪ್ರೀತಿಸುತ್ತಿದ್ದರು ಎಂಬುದನ್ನು ಅವನು ಮರೆತಿಲ್ಲ. ಹೊರಗೆ ಸಮುದ್ರದಲ್ಲಿ ಇತರ ಹುಡುಗರು ಆಡುತ್ತಿದ್ದಾರೆ. ಬಹಳ ಹೊತ್ತು ನೋಡುತ್ತಾ ನಿಂತ ಅವನೂ ಕೊನೆಗೆ ನೀರಿಗಿಳಿಯುತ್ತಾನೆ.

ನೀರಿಗಿಳಿಯುವ ಧೈರ್ಯ ಮಗುವಿಗಿದೆ. ಅವನಿಗೆ ಬಂದೂಕು ಮಾರಿದವರು, ಅದರ ಲಾಭದಲ್ಲಿ ಪಾಲು ಪಡೆದವರು, ಅವನ ಕೈಯ ರಕ್ತಕ್ಕೆ ಧರ್ಮದ ಮುದ್ರೆ ಒತ್ತಿದವರು ಮಾತ್ರ ಇನ್ನೂ ದಡದಲ್ಲಿ ಶುಭ್ರ ಉಡುಪಿನಲ್ಲಿ ನಿಂತಿದ್ದಾರೆ. 'ಮೃಗ' ಎಂಬ ಹೆಸರು ಯಾರಿಗೆ ಸಲ್ಲಬೇಕೆಂಬುದನ್ನು ಜಗತ್ತು ಇನ್ನಾದರೂ ತೀರ್ಮಾನಿಸಲಿ.