ಕಡಲ ದಂಡೆಯ ಚಕ್ರ ಮತ್ತು ದುಡಿಯುವವನ ಭಾನುವಾರ

ದುಡಿಯುವವನಿಗೆ ಅನ್ನ ಬೇಕು, ಬಟ್ಟೆ ಬೇಕು, ತಲೆಯ ಮೇಲೊಂದು ಸೂರು ಬೇಕು ಎಂದರೆ ಇಂದು ಯಾರೂ ಎದುರಾಡುವುದಿಲ್ಲ. ಆದರೆ ಅವನು ವಾರಕ್ಕೊಂದು ದಿನ ಹೆಂಡತಿ ಮಕ್ಕಳೊಡನೆ ನಕ್ಕು ನಲಿಯಲು ಒಂದು ಜಾಗವೂ ಬೇಕು ಎಂದರೆ ದೊಡ್ಡವರು ಹುಬ್ಬೇರಿಸುತ್ತಾರೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂದು ಹಾಸ್ಯ ಮಾಡುತ್ತಾರೆ. ಹೀಗೆ ಹೇಳುವವರಿಗೆ ಕ್ಲಬ್ಬುಗಳಿವೆ, ಬೇಸಗೆಗೆ ಗಿರಿಧಾಮಗಳಿವೆ. ಎಂಟು ಗಂಟೆ ಮಗ್ಗದ ಮುಂದೆ ನಿಂತವನಿಗೆ, ಹಗಲೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಸಣ್ಣ ಅಂಗಡಿಯವನಿಗೆ ಏನಿದೆ? ಈ ಪ್ರಶ್ನೆಯನ್ನು ವಿಚಾರ ಮಾಡುವವರು ನ್ಯೂಯಾರ್ಕ್ ನಗರದ ಕೋನಿ ಐಲ್ಯಾಂಡ್ ಎಂಬ ಕಡಲ ದಂಡೆಯ ಕಥೆಯನ್ನು ತಿಳಿದುಕೊಳ್ಳಬೇಕು.

ನ್ಯೂಯಾರ್ಕ್ ಎಂದರೆ ಕೋಟ್ಯಧೀಶರ ಪಟ್ಟಣವೆಂದು ನಾವು ಕೇಳಿದ್ದೇವೆ. ಆದರೆ ಅಲ್ಲಿ ದುಡಿದವರು ಹೊಲಿಗೆ ಕಾರ್ಖಾನೆಯ ಹೆಂಗಸರು, ಬಂದರಿನ ಹಮಾಲರು, ಇಟಲಿ, ಪೋಲೆಂಡ್, ಗ್ರೀಸ್ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು. 1920ರ ಹೊತ್ತಿಗೆ ನಗರದ ರೈಲು ಐದೇ ಸೆಂಟಿಗೆ ಇವರನ್ನು ಕಡಲಿಗೆ ತಂದುಬಿಡುತ್ತಿತ್ತು. ಅದಕ್ಕೂ ಮೊದಲು, 1916ರಲ್ಲಿ, ನೇಥನ್ ಹ್ಯಾಂಡ್‌ವರ್ಕರ್ ಎಂಬ ಪೋಲೆಂಡಿನ ವಲಸೆಗಾರ ಅಲ್ಲೊಂದು ಸಣ್ಣ ಅಂಗಡಿ ತೆರೆದ. ದೊಡ್ಡ ಹೋಟೆಲಿನವರು ಹತ್ತು ಸೆಂಟಿಗೆ ಕೊಡುತ್ತಿದ್ದ ತಿಂಡಿಯನ್ನು ಐದು ಸೆಂಟಿಗೆ ಮಾರಿ ಜನರ ಬಾಯಲ್ಲಿ ಹೆಸರಾದ. ಕಡಲ ಅಂಚಿನಲ್ಲಿ ಖಾಸಗಿಯವರು ಹಾಕಿದ್ದ ಬೇಲಿಗಳೂ ಉಳಿಯಲಿಲ್ಲ. 1923ರಲ್ಲಿ ನಗರಾಡಳಿತ ಹಲಗೆ ಹಾಸಿದ ಸಾರ್ವಜನಿಕ ಹಾದಿಯನ್ನು ತೆರೆಯಿತು. ಕಾಸಿಲ್ಲದವನೂ ಸಮುದ್ರದ ಗಾಳಿ ಕುಡಿಯುವಂತಾಯಿತು.

ಈ ದಂಡೆಯ ಮೇಲೆ 1920ರಲ್ಲಿ ಎದ್ದು ನಿಂತದ್ದು ‘ವಂಡರ್ ವೀಲ್’ ಎಂಬ ಉಕ್ಕಿನ ಚಕ್ರ. ಎತ್ತರ 150 ಅಡಿ. ತೊಟ್ಟಿಲುಗಳು 24, ಒಮ್ಮೆಗೆ 144 ಜನ ಕೂರಬಹುದು. ನಮ್ಮ ಜಾತ್ರೆಯ ಜಯಂಟ್ ವೀಲಿನಲ್ಲಿ ತೊಟ್ಟಿಲು ತನ್ನ ಸ್ಥಾನದಲ್ಲಿಯೇ ತೂಗುತ್ತದೆ. ಇದರಲ್ಲಿ ಹಾಗಲ್ಲ. ಎಂಟು ತೊಟ್ಟಿಲುಗಳು ಮಾತ್ರ ಅಂಚಿಗೆ ಭದ್ರವಾಗಿವೆ. ಉಳಿದ ಹದಿನಾರು, ಚಕ್ರ ತಿರುಗಿದಂತೆಲ್ಲ ಬಾಗಿದ ಕಂಬಿಗಳ ಮೇಲೆ ಒಳಕ್ಕೂ ಹೊರಕ್ಕೂ ಜಾರುತ್ತವೆ. 1977ರ ಜುಲೈ 13ರ ರಾತ್ರಿ ನ್ಯೂಯಾರ್ಕಿನಲ್ಲಿ ಕರೆಂಟು ಹೋದಾಗ ಮೇಲೆ ಸಿಕ್ಕಿಬಿದ್ದವರನ್ನು, ಚಕ್ರವನ್ನು ಕೈಯಿಂದಲೇ ತಿರುಗಿಸಿ ಕೆಳಗಿಳಿಸಿದರು. ಯಂತ್ರ ಹಳೆಯದಾದರೂ ಮನುಷ್ಯನ ಕೈಗೆ ಎಟುಕುವಂಥದು ಎಂಬುದನ್ನು ಗಿರಣಿ ಕೆಲಸಗಾರರಿಗೆ ನಾನು ವಿವರಿಸಬೇಕಾಗಿಲ್ಲ.

1983ರಲ್ಲಿ ಈ ಚಕ್ರ ಮಾರಾಟಕ್ಕೆ ಬಂದಾಗ ಕೊಂಡವನು ಯಾವ ಸಾಹುಕಾರನೂ ಅಲ್ಲ. ಗ್ರೀಸಿನಿಂದ ಹುಡುಗನಾಗಿ ಬಂದು, ಬೀದಿಯಲ್ಲಿ ಗಾಡಿ ತಳ್ಳಿ ತಿಂಡಿ ಮಾರಿದ್ದ ಡೀನೋಸ್ ವೂರ್ಡೆರಿಸ್. ಬೆಲೆ 2,50,000 ಡಾಲರ್. ಮದುವೆಗೆ ಮುಂಚೆಯೇ ತನ್ನಾಕೆಗೆ ಈ ಚಕ್ರವನ್ನು ಕೊಡಿಸುವೆನೆಂದು ಆತ ಮಾತು ಕೊಟ್ಟಿದ್ದನೆಂದು ಮನೆಯವರು ಹೇಳುತ್ತಾರೆ. 1994ರಲ್ಲಿ ಆತ ತೀರಿಕೊಂಡ ಮೇಲೆ ಮಕ್ಕಳು, ಆಮೇಲೆ ಮೊಮ್ಮಕ್ಕಳು ಕೆಲಸಕ್ಕೆ ನಿಂತರು. ಚಳಿಗಾಲದಲ್ಲಿ ತೊಟ್ಟಿಲುಗಳನ್ನು ಬಿಚ್ಚಿಡುತ್ತಾರೆ, ಬಣ್ಣ ಬಳಿಯುತ್ತಾರೆ. ಅವರ ಪಾರ್ಕಿಗೆ ಬಾಗಿಲ ಶುಲ್ಕವಿಲ್ಲ. ಆಡಿದ ಆಟಕ್ಕಷ್ಟೇ ಹಣ. 1989ರಲ್ಲಿ ನಗರಾಡಳಿತ ಈ ಚಕ್ರವನ್ನು ಸಂರಕ್ಷಿತ ಸ್ಮಾರಕವೆಂದು ಸಾರಿತು.

ಇನ್ನು ನಾಣ್ಯದ ಮತ್ತೊಂದು ಮುಖ ನೋಡಿ. ಅದೇ ದಂಡೆಯಲ್ಲಿ 1897ರಿಂದ ಸ್ಟೀಪಲ್‌ಚೇಸ್ ಎಂಬ ದೊಡ್ಡ ಪಾರ್ಕು ಇತ್ತು. 1964ರಲ್ಲಿ ಅದು ಮುಚ್ಚಿತು. ಮರುವರ್ಷ ಅದನ್ನು ಕೊಂಡವನು ಫ್ರೆಡ್ ಟ್ರಂಪ್, ಮುಂದೆ ಅಮೆರಿಕದ ಅಧ್ಯಕ್ಷನಾದ ಡೊನಾಲ್ಡ್ ಟ್ರಂಪನ ತಂದೆ. ಬಹುಮಹಡಿ ಮನೆಗಳನ್ನು ಕಟ್ಟುವ ಹವಣಿಕೆ ಅವನದು. 1966ರಲ್ಲಿ ಅತಿಥಿಗಳನ್ನು ಕರೆದು, ಗಾಜಿನ ಭವನದ ಮೇಲೆ ಇಟ್ಟಿಗೆ ತೂರಿಸಿ, ಸಂಭ್ರಮದಿಂದ ಅದನ್ನು ಕೆಡವಿಸಿದ. ಮನೆ ಕಟ್ಟಲು ಅನುಮತಿ ದೊರೆಯಲಿಲ್ಲ. 1969ರಲ್ಲಿ ನಗರಾಡಳಿತವೇ ಆ ನೆಲವನ್ನು ಹಣ ಕೊಟ್ಟು ಕೊಂಡಿತು. ಅಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ಎದ್ದದ್ದು 2001ರಲ್ಲಿ! ಜನರ ಆಟವನ್ನು ಕೆಡವಲು ಕೆಲವು ದಿನ ಸಾಕಾಯಿತು. ಬದಲಿಗೆ ಒಂದನ್ನು ಕಟ್ಟಲು ಮೂವತ್ತೈದು ವರ್ಷ ಹಿಡಿಯಿತು.

ಪಾಠ ಕಲಿತರೆ? ಈ ಶತಮಾನದ ಆರಂಭದಲ್ಲಿ ಭೂವ್ಯಾಪಾರದ ಒಂದು ಕಂಪನಿ ಅಲ್ಲಿಯ ನೆಲವನ್ನು ಸಾಲುಸಾಲಾಗಿ ಕೊಂಡಿತು. 1962ರಿಂದ ಒಂದು ಕುಟುಂಬ ನಡೆಸುತ್ತಿದ್ದ ಆಸ್ಟ್ರೋಲ್ಯಾಂಡ್ ಪಾರ್ಕು 2008ರಲ್ಲಿ ಮುಚ್ಚಿತು. 2009ರಲ್ಲಿ ನಗರಾಡಳಿತ ಆ ಕಂಪನಿಯಿಂದ ಸುಮಾರು ಏಳು ಎಕರೆಯನ್ನು ಒಂಬತ್ತೂವರೆ ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಅಷ್ಟಕ್ಕೂ ನಿಲ್ಲದೆ ದೊಡ್ಡ ಜೂಜುಕಟ್ಟೆಯೊಂದನ್ನು ತರುವ ಯೋಜನೆಯೂ ಬಂತು. 2025ರಲ್ಲಿ ಅದಕ್ಕೆಂದೇ ನೇಮಿಸಿದ್ದ ಸ್ಥಳೀಯ ಸಮಿತಿ ಅದನ್ನು ತಿರಸ್ಕರಿಸಿತು.

‘ವೂರ್ಡೆರಿಸ್ ಕುಟುಂಬದವರೂ ಮಾಲೀಕರೇ ಅಲ್ಲವೆ? ಅವರನ್ನೇಕೆ ಹೊಗಳುತ್ತೀರಿ?’ ಎಂದು ಕೆಲವು ಸಂಗಾತಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅವರೂ ಲಾಭಕ್ಕಾಗಿಯೇ ನಡೆಸುತ್ತಾರೆ. ಇಂದಿನ ಟಿಕೇಟು ಬಡವನಿಗೆ ಅಗ್ಗವೇನಲ್ಲ. ಹಂಗಾಮಿ ಕೆಲಸಗಾರನ ಮಜೂರಿಯ ಪ್ರಶ್ನೆ ಎಲ್ಲಿಯೂ ಇದ್ದೇ ಇರುತ್ತದೆ. ಆದರೂ ಚಕ್ರಕ್ಕೆ ಎಣ್ಣೆ ಹಾಕಿ ಅದರಿಂದ ಬದುಕುವವನಿಗೂ, ಚಕ್ರದ ಅಡಿಯ ನೆಲದ ಬೆಲೆ ಏರಲೆಂದು ಕಾಯುವವನಿಗೂ ಅಂತರವಿದೆ. ಮೊದಲನೆಯವನಿಗೆ ಜನ ಬಂದರೆ ಬದುಕು. ಎರಡನೆಯವನಿಗೆ ಜನ ತೊಲಗಿದರೆ ಲಾಭ. ಈ ಅಂತರವನ್ನು ಕಾಣದಿದ್ದರೆ ನಾವು ಸಣ್ಣ ವ್ಯಾಪಾರಿಯನ್ನು ದೊಡ್ಡ ಬಂಡವಾಳಗಾರನ ಮಡಿಲಿಗೆ ನಾವೇ ನೂಕಿದಂತಾಗುತ್ತದೆ.

ಇನ್ನೊಂದು ಮಾತು. ಕುಟುಂಬದ ಒಳ್ಳೆಯತನವೊಂದನ್ನೇ ನಂಬಿ ಕೂರುವುದು ಜಾಣತನವಲ್ಲ. ಮಕ್ಕಳ ಮನಸ್ಸು ಒಂದೇ ಸಮನಿರುವುದಿಲ್ಲ, ಸಾಲದ ಹೊರೆ ಯಾರನ್ನೂ ಬಿಡುವುದಿಲ್ಲ. ಕೋನಿ ಐಲ್ಯಾಂಡಿನಲ್ಲಿ ಉಳಿದದ್ದೆಲ್ಲ ಉಳಿದದ್ದು ಅಗ್ಗದ ರೈಲು, ತೆರೆದ ದಂಡೆ, ಸಂರಕ್ಷಣೆಯ ಕಾನೂನು ಇವುಗಳ ಬೆಂಬಲದಿಂದ. ಈ ಮೂರನ್ನೂ ಕೊಟ್ಟದ್ದು ಸಾರ್ವಜನಿಕ ಅಧಿಕಾರ. ಅದನ್ನು ಎಚ್ಚರಿಸಿದ್ದು ಜನರ ಒತ್ತಾಯ. ಮೈದಾನದ ನೆಲ ಜನರದಾಗಿರಲಿ, ಅದರ ಮೇಲೆ ಸಣ್ಣವನು ಆಟ ನಡೆಸಲಿ, ಕೆಲಸಗಾರನಿಗೆ ತಕ್ಕ ಮಜೂರಿ ಸಿಗಲಿ. ಮಜೂರಿಯ ಬೇಡಿಕೆಯ ಪಟ್ಟಿಯಲ್ಲಿ ಸಂತೆಮಾಳ, ಜಾತ್ರೆಯ ಬಯಲು, ಕೆರೆಯಂಗಳಗಳಿಗೂ ಒಂದು ಸಾಲು ಇರಬೇಕು. ಮುಂದಿನ ಪುರಸಭೆಯ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಈ ಬಯಲುಗಳ ವಿಷಯವಾಗಿ ಮೊದಲು ಕೇಳಿರಿ.