ರಾತ್ರಿಶಾಲೆಯ ಮುಂಬಯಿ

ಮುಂಬಯಿಯ ಚರಿತ್ರೆ ಹೇಳುವವರೆಲ್ಲ ಏಳು ದ್ವೀಪಗಳಿಂದಲೇ ಶುರುಮಾಡುತ್ತಾರೆ. 1661ರಲ್ಲಿ ಪೋರ್ಚುಗೀಸರು ರಾಜಕುಮಾರಿಯ ಮದುವೆಗೆ ಬಳುವಳಿಯಾಗಿ ಇಂಗ್ಲೆಂಡಿನ ದೊರೆಗೆ ಬರೆದುಕೊಟ್ಟರು. 1668ರಲ್ಲಿ ಆ ದೊರೆ ವರ್ಷಕ್ಕೆ ಹತ್ತು ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಮರುವರ್ಷ ಕಾವಸ್‌ಜಿ ದಾವರ್ ಹತ್ತಿ ಗಿರಣಿಗೆ ಕೈಹಾಕಿದರು. ಎಲ್ಲವೂ ನಿಜವೇ. ಆದರೆ ಜಾಗ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಅಲ್ಲಿ ಯಾರು ಬಂಡವಾಳ ಹೂಡಿದರು ಎಂಬ ದಸ್ತಾವೇಜು ಇದು. ಇಷ್ಟು ದೊಡ್ಡ ಊರಿಗೆ ಒಂದು ಸಂಸ್ಕೃತಿ ಎಲ್ಲಿಂದ ಬಂತು ಎಂದು ಕೇಳುವುದಾದರೆ, ಹೋಟೆಲಿನ ಪಾತ್ರೆ ತೊಳೆದಿಟ್ಟ ಮೇಲೆ, ಆಫೀಸಿನ ಲೆಕ್ಕಪುಸ್ತಕ ಮುಚ್ಚಿದ ಮೇಲೆ ಅಲ್ಲಿನ ಜನ ಎಲ್ಲಿಗೆ ಹೋಗುತ್ತಿದ್ದರು ಎಂದು ನೋಡಬೇಕು. ಕನ್ನಡಿಗರ ಮಟ್ಟಿಗೆ ಉತ್ತರ ಸರಳ: ರಾತ್ರಿಶಾಲೆಗೆ.

ಈ ಸಂಚಿಕೆಯನ್ನು ಮುಂಬಯಿ ಕನ್ನಡಕ್ಕೆ ಮೀಸಲಿಟ್ಟಿದ್ದೇವೆ. 'ಹೊರನಾಡ ಕನ್ನಡಿಗರು' ಎಂಬ ತಲೆಬರಹ ಬೇಡವೆಂದು ಬೇಕೆಂದೇ ಕೈಬಿಟ್ಟೆವು. ಧಾರವಾಡ, ಬೆಳಗಾವಿ, ವಿಜಾಪುರಗಳು 1956ರವರೆಗೆ ಮುಂಬಯಿಯ ಆಡಳಿತಕ್ಕೇ ಸೇರಿದ್ದವು. ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದು 1862ರಲ್ಲಿ. ಅದು ಅಮೆರಿಕದ ಅಂತರ್ಯುದ್ಧದ ಕಾಲ. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತುಹೋಗಿ, ಮುಂಬಯಿಯ ಹತ್ತಿ ಪೇಟೆಯಲ್ಲಿ ಹಣ ಹೊಳೆಯಾಗಿ ಹರಿಯಿತು. ಧಾರವಾಡ ಸೀಮೆಯ ಎರೆನೆಲದ ಹತ್ತಿ ಘಟ್ಟ ಇಳಿದು, ಕುಮಟೆಯಲ್ಲಿ ಹಡಗೇರಿ, ಆ ಪೇಟೆಯಲ್ಲಿ 'ಕುಮಟಾ' ಎಂಬ ಹೆಸರಿನಲ್ಲೇ ಬಿಕರಿಯಾಗುತ್ತಿತ್ತು. ಮುಂಬಯಿಯ ಆ ಸಿರಿಯಲ್ಲಿ ನಮ್ಮ ರೈತನ ಪಾಲೂ ಇದೆ.

ಹತ್ತಿಯ ಹಿಂದೆ ಜನ ಬಂದರು. ಕರಾವಳಿಯ ಮೊಗವೀರರು 1902ರಲ್ಲೇ ಸಂಘ ಕಟ್ಟಿದರು. ಕಾರಕೂನರಾಗಿ ಬಂದ ಚಿತ್ರಾಪುರ ಸಾರಸ್ವತರು 1906ರಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕು ತೆರೆದು, 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ತತ್ತ್ವದ ಮೇಲೆ ಮನೆಗಳನ್ನು ಕಟ್ಟಿಕೊಂಡರು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು. ಇವರಿಗೆಲ್ಲ ಅಷ್ಟೋ ಇಷ್ಟೋ ಓದು ಇತ್ತು. ಓದಿಲ್ಲದೆ ಬಂದವರು ಹೋಟೆಲು ಹುಡುಗರು. ನಾಲ್ಕನೆಯದೋ ಐದನೆಯದೋ ಮುಗಿಸಿ, ಊರಿನ ಯಾರದೋ ಬೆನ್ನುಹತ್ತಿ ಬಂದವರು. ಹಗಲೆಲ್ಲ ಮೇಜು ಒರೆಸಿ, ರಾತ್ರಿ ಫೋರ್ಟ್ ಸುತ್ತಮುತ್ತಲಿನ ಕನ್ನಡ ಶಾಲೆಗಳ ಬೆಂಚಿನಲ್ಲಿ ತೂಕಡಿಸುತ್ತ ಕೂತವರು. ಶಾಲೆ ನಡೆಸುತ್ತಿದ್ದವು ಹೆಚ್ಚಾಗಿ ಜಾತಿ ಸಂಘಗಳೇ. ಮೇಷ್ಟ್ರುಗಳಲ್ಲಿ ಹಲವರು ಹಗಲು ಗುಮಾಸ್ತರು. ಜಾತಿ ಸಂಘ ಎಂದರೆ ಮೂಗು ಮುರಿಯುವ ನಮ್ಮಂಥವರು ಇದನ್ನು ಒಪ್ಪಲೇಬೇಕು: ಸರಕಾರಕ್ಕೆ ತೋಚುವ ಮೊದಲೇ ಆ ಹುಡುಗರ ಕೈಗೆ ಪುಸ್ತಕ ಕೊಟ್ಟವರು ಅವರು. ಮುಂದೆ ಆ ಬೆಂಚುಗಳಿಂದ ವಕೀಲರು, ಬ್ಯಾಂಕ್ ಅಧಿಕಾರಿಗಳು, ಹೋಟೆಲು ಧಣಿಗಳು, ಪತ್ರಿಕೆಗಳ ಸಂಪಾದಕರು ಎದ್ದುಬಂದರು.

ಹೆಚ್ಚಿನವರ ಮನೆಮಾತು ಕನ್ನಡವಲ್ಲ. ತುಳು, ಇಲ್ಲವೇ ಕೊಂಕಣಿ. ಲೋಕಲಿನಲ್ಲಿ ಹಿಂದಿ, ಚಾಳಿನ ನೆರೆಹೊರೆಯಲ್ಲಿ ಮರಾಠಿ, ದೊಡ್ಡ ಆಫೀಸಿನಲ್ಲಿ ಇಂಗ್ಲಿಷು. ಇದರ ನಡುವೆ ಇವರು ಓದಲು, ಬರೆಯಲು, ಭಾಷಣ ಮಾಡಲು ಕನ್ನಡವನ್ನು ಹಿಡಿದರು. ಹಟದಿಂದ ಆರಿಸಿಕೊಂಡ ಭಾಷೆ ಹುಟ್ಟಿನಿಂದ ಬಂದದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ಮುಂಬಯಿಗಿಂತ ಒಳ್ಳೆಯ ಸಾಕ್ಷಿ ನಮಗೆ ಸಿಕ್ಕಿಲ್ಲ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಊರಿನಲ್ಲಿ ಯಕ್ಷಗಾನದ ಗೆಜ್ಜೆ ಬಿಚ್ಚಿದರೆ, ಮಳೆಗಾಲದಲ್ಲಿ ಕಲಾವಿದರು ಮುಂಬಯಿಯ ಸಭಾಗೃಹಗಳಲ್ಲಿ ಮತ್ತೆ ಕಟ್ಟುತ್ತಾರೆ. 1951ರ ಸಾಹಿತ್ಯ ಸಮ್ಮೇಳನಕ್ಕೆ ಗೋವಿಂದ ಪೈ ಅಧ್ಯಕ್ಷರಾಗಿದ್ದು ಈ ಊರಿನಲ್ಲೇ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸನ್ಮಾನ ಪತ್ರವಾದೀತು. ರಾತ್ರಿಶಾಲೆ ಬೇಕಾದದ್ದೇ ಹಗಲು ಮಕ್ಕಳು ದುಡಿಯುತ್ತಿದ್ದರು ಎಂಬ ಕಾರಣಕ್ಕೆ. ಓದಿ ಮೇಲೆ ಬಂದವರ ಆತ್ಮಕಥೆಗಳು ಇವೆ. ನಿದ್ದೆ ತಡೆಯಲಾರದೆ ಅರ್ಧಕ್ಕೆ ಬಿಟ್ಟವರದು ಇಲ್ಲ. 2006ರ ಅಕ್ಟೋಬರಿನಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು ಕಾನೂನು ನಿಷೇಧಿಸಿತು. ಅಷ್ಟರಲ್ಲಿ ಕರಾವಳಿಯ ಹಳ್ಳಿಹಳ್ಳಿಗೂ ಹೈಸ್ಕೂಲು ಬಂದಿತ್ತು, ಹುಡುಗರು ಬರುವುದೂ ಕಡಿಮೆಯಾಗಿತ್ತು. ರಾತ್ರಿಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಾಕಿದ್ದು ಒಳ್ಳೆಯದೇ ಆಯಿತು ಎಂದು ನಾವು ಹೇಳುತ್ತೇವೆ, ಅವುಗಳ ಋಣವನ್ನು ನೆನೆಯುತ್ತಲೇ.

ಸಾಹಿತ್ಯ ಈ ಊರನ್ನು ಕಂಡದ್ದು ಬೇರೆ ಬೇರೆ ಕಿಟಕಿಗಳಿಂದ. ಯಶವಂತ ಚಿತ್ತಾಲರ 'ಶಿಕಾರಿ' ಕಂಪನಿಗಳ ಒಳಗಿನ ಬೇಟೆಯನ್ನು ತೋರಿಸಿತು. ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾರ್ಮಿಕ ಸಂಘಟನೆಗಳ ಲೋಕಕ್ಕೆ ಹೋಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದಿತು. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದದಲ್ಲಿ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆದವು. ಈ ನಡುವೆ ಊರೇ ಬದಲಾಯಿತು: 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಎಷ್ಟೋ ಗಿರಣಿಗಳು ಮತ್ತೆ ಏಳಲೇ ಇಲ್ಲ, ಆ ಜಾಗಗಳಲ್ಲಿ ಈಗ ಮಾಲುಗಳಿವೆ. ವಿಜಾಪುರ, ಕಲಬುರ್ಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಜೋಪಡಿಗಳಲ್ಲಿ ನೆಲೆನಿಂತ ಕನ್ನಡಿಗರ ಬಗ್ಗೆ ಮಾತ್ರ ನಮ್ಮ ಕತೆ, ಕಾದಂಬರಿಗಳಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಕರಾವಳಿಯ ನೆನಪುಗಳೇ ಮುಂಬಯಿ ಕನ್ನಡ ಎಂದು ನಾವೆಲ್ಲ ಬಹುಕಾಲ ನಂಬಿದೆವು. ಇದು ಸಣ್ಣ ಲೋಪವಲ್ಲ.

ಇನ್ನು ಮರಾಠಿಯ ಮಾತು. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕೊಟ್ಟ ಮೇಲೆ, 1960ರ ಮೇ 1ರಂದು ಈ ನಗರ ಮಹಾರಾಷ್ಟ್ರದ ರಾಜಧಾನಿಯಾಯಿತು. ಆ ಹಕ್ಕನ್ನು ಮುಂಬಯಿ ಕನ್ನಡಿಗ ಪ್ರಶ್ನಿಸಲಿಲ್ಲ; ಮರಾಠಿ ಕಲಿತ, ಕನ್ನಡ ಬಿಡಲಿಲ್ಲ. ಮಹಾನಗರಪಾಲಿಕೆಯೂ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡ ಅವುಗಳಲ್ಲೊಂದು. ಬೆಂಗಳೂರಿಗೆ ಬಂದು ವರ್ಷಗಟ್ಟಲೆ ಇದ್ದರೂ ಕನ್ನಡದ ನಾಲ್ಕು ಮಾತು ಕಲಿಯದವರಿಗೂ, ಅವರ ಮೇಲೆ ಕೈಯೆತ್ತುವವರಿಗೂ ಮಾಟುಂಗಾದ ಹೋಟೆಲು ಮಾಣಿ ಕಲಿಸಬೇಕಾದ ಪಾಠ ಇದೆ.

ಕಡೆಯದಾಗಿ ಓದುಗರಲ್ಲೊಂದು ಕೋರಿಕೆ. ರಾತ್ರಿಶಾಲೆಗಳ ಹಾಜರಿ ಪುಸ್ತಕ, ಸಂಘಗಳ ಸ್ಮರಣ ಸಂಚಿಕೆ, ನಾಟಕದ ಕರಪತ್ರ, ಗುಂಪಿನ ಫೋಟೊ, ಇವೆಲ್ಲ ಇನ್ನೂ ಹಲವರ ಮನೆಯ ಅಟ್ಟದ ಮೇಲಿವೆ. ಚಾಳುಗಳು ಗೋಪುರಗಳಾಗುವ ಗಡಿಬಿಡಿಯಲ್ಲಿ ಮನೆ ಖಾಲಿ ಮಾಡುವಾಗ ಅವು ಮೊದಲು ರದ್ದಿಗೆ ಹೋಗುತ್ತವೆ. ದಯವಿಟ್ಟು ಹಾಕಬೇಡಿ. ಪ್ರತಿ ಮಾಡಿಸಿ ನಮಗೆ ಕಳಿಸಿ, ಮೂಲವನ್ನು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರಿಗೆ ತೋರಿಸಿ. ಓದು ಅರ್ಧಕ್ಕೆ ಬಿಟ್ಟ ಅಜ್ಜನೋ ಚಿಕ್ಕಪ್ಪನೋ ನಿಮ್ಮ ಮನೆಯಲ್ಲಿದ್ದರೆ, ಅವರು ಹೇಳಿದ್ದನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯ ಮೊದಲ ಪುಟಗಳು ಅವರಿಗೆ.