ಬೆನ್ನು ಯಾರ ಕೈಗೆ?

ಜಯನಗರ ನಾಲ್ಕನೇ ಬ್ಲಾಕಿನಿಂದ ಹೊರಟು ಜೆ.ಪಿ. ನಗರ ಹಾಯ್ದು ಬನಶಂಕರಿ ಮುಟ್ಟುವಷ್ಟರಲ್ಲಿ ಬೆನ್ನುನೋವಿಗೆ ಪರಿಹಾರ ಹೇಳುವ ಬೋರ್ಡುಗಳು ಹತ್ತಾರು ಕಾಣುತ್ತವೆ. ಮೂಳೆ ಡಾಕ್ಟರ ಕ್ಲಿನಿಕ್ಕು, ಫಿಸಿಯೊಥೆರಪಿ, ಕೇರಳ ಆಯುರ್ವೇದ, ಪುತ್ತೂರು ಕಟ್ಟು, ಆಕ್ಯುಪಂಕ್ಚರ್. ಈಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಕೈರೊಪ್ರಾಕ್ಟಿಕ್ ಮತ್ತು ಆಸ್ಟಿಯೋಪತಿ ಸೇರಿವೆ. ಮಾತ್ರೆ ಬೇಡ, ಇಂಜೆಕ್ಷನ್ ಬೇಡ, ಆಪರೇಷನ್ ಬೇಡ, ಬರಿಗೈಯಿಂದಲೇ ಸಹಜ ಚಿಕಿತ್ಸೆ ಎನ್ನುವುದು ಆಸ್ಟಿಯೋಪತಿಯ ಭರವಸೆ. ರಾತ್ರಿ ಮಗ್ಗುಲು ಬದಲಿಸಲೂ ಆಗದೆ ನರಳಿದವರಿಗೆ ಈ ಮಾತು ಎಷ್ಟು ಹಿತವಾಗಿ ಕೇಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಅದನ್ನು ನಂಬಬಹುದೇ? ನಂಬುವುದಾದರೆ ಎಷ್ಟರ ಮಟ್ಟಿಗೆ?

ಈ ಪ್ರಶ್ನೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು. ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಆ ನೋವಿಗೆ ಹಲವು ಮುಖಗಳಿವೆ. ಬಿ.ಟಿ.ಎಂ. ಲೇಔಟಿನ ಸಾಫ್ಟ್‌ವೇರ್ ಉದ್ಯೋಗಿ ದಿನವಿಡೀ ಕುರ್ಚಿಗೆ ಅಂಟಿಕೊಂಡಿದ್ದು, ಸಂಜೆ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಮತ್ತೆ ಕೂತೇ ಇರುತ್ತಾನೆ. ಬನ್ನೇರುಘಟ್ಟ ರಸ್ತೆಯ ಗುಂಡಿಗಳ ಏಟನ್ನು ಆಟೋ ಚಾಲಕ ಬೆನ್ನಿನ ಮೇಲೆಯೇ ತಿನ್ನುತ್ತಾನೆ. ನಾಲ್ಕಾರು ಮನೆಗಳ ನೆಲ ಒರೆಸುವ ಹೆಂಗಸಿಗೆ ಬಗ್ಗಿದ ಸೊಂಟ ಎತ್ತಲು ಬಿಡುವಿರುವುದಿಲ್ಲ. ಇವರೆಲ್ಲರೂ ಉತ್ತರ ಹುಡುಕುವವರೇ, ಆದರೆ ಎಲ್ಲರ ಕೈಯಲ್ಲೂ ಒಂದೇ ಸಮ ಹಣವಿಲ್ಲ.

ಆಸ್ಟಿಯೋಪತಿ ಹುಟ್ಟಿದ್ದು ಅಮೆರಿಕದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1864ರಲ್ಲಿ ಮಿದುಳು ಪೊರೆಯ ಸೋಂಕಿಗೆ ತಮ್ಮ ಮೂವರು ಮಕ್ಕಳನ್ನು ಕಳೆದುಕೊಂಡರು. ಅಂದಿನ ಔಷಧಗಳ ಮೇಲೆ ಅವರ ನಂಬಿಕೆ ಕುಸಿಯಿತು. ಪಾದರಸದ ಸಂಯುಕ್ತಗಳನ್ನೂ ಮದ್ದೆಂದು ಕುಡಿಸುತ್ತಿದ್ದ ಕಾಲ ಅದು, ಹಾಗಾಗಿ ಅವರ ಅಪನಂಬಿಕೆಗೆ ಕಾರಣವಿತ್ತು. ಮೂಳೆ, ಕೀಲು, ಸ್ನಾಯುಗಳ ಹೊಂದಾಣಿಕೆ ಸರಿಯಿದ್ದರೆ ದೇಹ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬ ತತ್ವವನ್ನು ಅವರು 1874ರಲ್ಲಿ ಸಾರಿದರು. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಮುಂದೆ ಅಮೆರಿಕದಲ್ಲಿ ಈ ಪರಂಪರೆ ಮುಖ್ಯವಾಹಿನಿಯ ವೈದ್ಯಕೀಯದಲ್ಲಿ ಬೆರೆಯಿತು. ಅಲ್ಲಿನ ಆಸ್ಟಿಯೋಪತಿ ಪದವೀಧರರು ಔಷಧ ಬರೆಯಬಲ್ಲ, ಶಸ್ತ್ರಚಿಕಿತ್ಸೆ ಮಾಡಬಲ್ಲ ಪೂರ್ಣ ಪ್ರಮಾಣದ ವೈದ್ಯರು. ಬ್ರಿಟನ್ ಮತ್ತು ಯುರೋಪಿನಲ್ಲಿ ಅದು ಕೈಚಿಕಿತ್ಸೆಯ ಪ್ರತ್ಯೇಕ ವೃತ್ತಿಯಾಗಿಯೇ ಬೆಳೆಯಿತು. ಭಾರತಕ್ಕೆ ಬಂದಿರುವುದು ಈ ಎರಡನೆಯ ಬಗೆ. ಹಾಗಾಗಿ ಅಮೆರಿಕದ ಆಸ್ಟಿಯೋಪತಿ ವೈದ್ಯರ ಕೀರ್ತಿಯನ್ನು ಇಲ್ಲಿನ ಪ್ರತಿ ಬೋರ್ಡಿಗೂ ಹಂಚಿಬಿಡಬಾರದು.

ಹೆಸರು ಹೊಸದಾದರೂ ಬೆನ್ನನ್ನು ಕೈಗೆ ಒಪ್ಪಿಸುವುದು ನಮಗೆ ಹೊಸದಲ್ಲ. ಎಣ್ಣೆ ಹಚ್ಚಿ ನೀವುವುದು, ಉಳುಕು ತೆಗೆಯುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಆಸ್ಟಿಯೋಪತಿಯ ಒಂದು ಭೇಟಿಯಲ್ಲಿ ಚಿಕಿತ್ಸಕರು ಮೊದಲು ನಿಮ್ಮ ಕಥೆ ಕೇಳುತ್ತಾರೆ. ನಿಲ್ಲಿಸಿ, ಬಗ್ಗಿಸಿ, ನಡೆಸಿ ನೋಡುತ್ತಾರೆ. ಬಿಗಿದ ಸ್ನಾಯುಗಳನ್ನು ನಿಧಾನವಾಗಿ ಒತ್ತಿ ಎಳೆಯುತ್ತಾರೆ, ಕೀಲುಗಳನ್ನು ಮೆಲ್ಲಗೆ ಆಡಿಸುತ್ತಾರೆ. ಕೆಲವೊಮ್ಮೆ ಚುರುಕಾಗಿ ಒಮ್ಮೆ ತಳ್ಳಿದಾಗ ಬೆನ್ನಿನಲ್ಲಿ ಟಕ್ಕೆಂದು ಸದ್ದು ಬರುತ್ತದೆ. ಜಾರಿದ ಮೂಳೆ ಜಾಗಕ್ಕೆ ಕೂತಿತು ಎಂದು ಅನೇಕರು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಅದು ಬೆರಳಿನ ನೆಟಿಕೆ ಮುರಿದಾಗ ಬರುವಂಥದೇ ಸದ್ದು. ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವಾಗ ಕೇಳಿಸುತ್ತದೆ, ಅಷ್ಟೆ.

ಮೊದಲು ಇದರ ಪರವಾದ ವಾದವನ್ನು ಅದರ ಪೂರ್ಣ ಬಲದಲ್ಲಿ ಕೇಳೋಣ. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸೊಂಟನೋವಿನ 155 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಸ್ಟಿಯೋಪತಿಯನ್ನೂ ಇನ್ನೊಂದಕ್ಕೆ ರೂಢಿಯ ವೈದ್ಯೋಪಚಾರವನ್ನೂ ಕೊಟ್ಟು ಹನ್ನೆರಡು ವಾರ ಗಮನಿಸಲಾಯಿತು. ಎರಡೂ ಗುಂಪು ಬಹುತೇಕ ಒಂದೇ ಸಮ ಸುಧಾರಿಸಿದವು, ಆದರೆ ಆಸ್ಟಿಯೋಪತಿ ಪಡೆದವರಿಗೆ ಔಷಧ ಕಡಿಮೆ ಬೇಕಾಯಿತು. 2004ರಲ್ಲಿ ಬ್ರಿಟನ್‌ನಲ್ಲಿ 1,334 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗವೂ, ಬೆನ್ನೆಲುಬಿನ ಕೈಚಿಕಿತ್ಸೆಯನ್ನು ರೂಢಿಯ ಉಪಚಾರಕ್ಕೆ ಸೇರಿಸಿದರೆ ಒಂದಿಷ್ಟು ಹೆಚ್ಚಿನ ಲಾಭವಿದೆ ಎಂದಿತು. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನ 2017ರ ಮಾರ್ಗಸೂಚಿ, ಮಾತ್ರೆಗೆ ಮುನ್ನ ನೋಡಬಹುದಾದ ಉಪಚಾರಗಳ ಪಟ್ಟಿಯಲ್ಲಿ ಬೆನ್ನೆಲುಬಿನ ಕೈಚಿಕಿತ್ಸೆಯನ್ನೂ ಇಟ್ಟಿದೆ. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಅದಕ್ಕೆ ಷರತ್ತಿನ ಸ್ಥಾನವಿದೆ. ಆದ್ದರಿಂದ ಇದನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಅಂಕಿಗಳಲ್ಲಿ ಸಿಗದ ಲಾಭವೂ ಒಂದಿದೆ. ಸರದಿಯಲ್ಲಿ ಎರಡು ತಾಸು ಕಾದು, ಒಳಗೆ ಐದು ನಿಮಿಷದಲ್ಲಿ ಚೀಟಿ ಹಿಡಿದು ಹೊರಬಂದ ರೋಗಿಗೆ, ಅರ್ಧ ಗಂಟೆ ಕೂತು ತನ್ನ ಮಾತು ಕೇಳಿ ನೋವಿನ ಜಾಗವನ್ನು ಮುಟ್ಟಿ ನೋಡುವ ವ್ಯಕ್ತಿ ಸಿಕ್ಕಾಗ ಭಯ ಇಳಿಯುತ್ತದೆ. ಭಯ ಇಳಿದರೆ ಬಿಗಿತ ಸಡಿಲುತ್ತದೆ, ಅಲುಗಾಡಲು ಧೈರ್ಯ ಬರುತ್ತದೆ. ಬೆನ್ನುನೋವಿನಲ್ಲಿ ಇದು ಸಣ್ಣ ಗಳಿಕೆಯಲ್ಲ.

ಇನ್ನು ವಿರುದ್ಧದ ವಾದ. ಫ್ರಾನ್ಸ್‌ನಲ್ಲಿ 400 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧ ಜನಕ್ಕೆ ನಿಜವಾದ ಆಸ್ಟಿಯೋಪತಿ, ಉಳಿದವರಿಗೆ ಚಿಕಿತ್ಸೆಯಂತೆ ತೋರುವ ಹಗುರ ಸ್ಪರ್ಶ ಮಾತ್ರ ಸಿಕ್ಕಿತು. ದಿನನಿತ್ಯದ ಚಟುವಟಿಕೆಯಲ್ಲಿ ಮೊದಲ ಗುಂಪಿಗೆ ಸಿಕ್ಕ ಹೆಚ್ಚಿನ ಲಾಭ ತೀರಾ ಅಲ್ಪ. ರೋಗಿಯ ಬದುಕಿನಲ್ಲಿ ಅದು ಗಮನಕ್ಕೆ ಬರುವಷ್ಟಿದೆಯೇ ಎಂದು ಸಂಶೋಧಕರೇ ಅನುಮಾನಿಸಿದರು. ಅಂದರೆ ನಾವು ಕಾಣುವ ಗುಣದಲ್ಲಿ ದೊಡ್ಡ ಪಾಲು ಸ್ಪರ್ಶದ್ದು, ಭರವಸೆಯದ್ದು, ಕಾಲದ್ದು. ಹೊಸದಾಗಿ ಹಿಡಿದ ಸೊಂಟ ಬಹುಪಾಲು ಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಸಡಿಲಾಗುತ್ತದೆ. ನೋವು ಉತ್ತುಂಗದಲ್ಲಿದ್ದಾಗ ಹೋದವರು, ಅದು ಇಳಿಯುವ ಹೊತ್ತಿಗೆ ಯಾರ ಬಳಿ ಇದ್ದರೋ ಅವರಿಗೆ ಕೀರ್ತಿ ಸಲ್ಲುತ್ತದೆ.

ಇದಕ್ಕಿಂತ ಹೆಚ್ಚು ಚಿಂತೆ ತರುವುದು ಚಿಕಿತ್ಸೆಯ ಜೊತೆ ರೋಗಿಯ ತಲೆಗೆ ತುಂಬುವ ವಿವರಣೆ. ನಿಮ್ಮ ಮೂಳೆ ಜಾರಿದೆ, ಸೊಂಟ ಒಂದು ಕಡೆ ವಾಲಿದೆ, ತಿಂಗಳಿಗೊಮ್ಮೆ ಬಂದು ಸರಿ ಮಾಡಿಸಿಕೊಳ್ಳದಿದ್ದರೆ ಮತ್ತೆ ಕೆಡುತ್ತದೆ ಎಂದು ಕೇಳಿದವರು ತಮ್ಮ ಬೆನ್ನನ್ನು ಗಾಜಿನ ಸಾಮಾನಿನಂತೆ ಕಾಪಾಡತೊಡಗುತ್ತಾರೆ. ಬಗ್ಗುವುದು, ಎತ್ತುವುದು, ನಡೆಯುವುದು ಒಂದೊಂದಾಗಿ ನಿಲ್ಲುತ್ತವೆ. ಬೆನ್ನುನೋವು ದೀರ್ಘವಾಗಲು ಈ ಹೆದರಿಕೆಯೇ ಒಂದು ದೊಡ್ಡ ಕಾರಣ. ತಲೆಬುರುಡೆಯ ಮೂಳೆಗಳನ್ನು ಮೆಲ್ಲಗೆ ಹಿಡಿದು ಇಡೀ ದೇಹ ಸರಿಪಡಿಸುತ್ತೇವೆ ಎನ್ನುವ ಶಾಖೆಗಂತೂ ವಿಜ್ಞಾನದ ಗಟ್ಟಿ ಆಧಾರವಿಲ್ಲ. ಬೆನ್ನಿನಿಂದ ಆರಂಭಿಸಿ ಆಸ್ತಮಾ, ಥೈರಾಯ್ಡ್ ಎಲ್ಲಕ್ಕೂ ಕೈ ಚಾಚುವವರಿಂದ ದೂರವಿರಬೇಕು.

ಆದರೆ ತಕ್ಕಡಿ ಸಮವಾಗಿರಬೇಕಾದರೆ ರೂಢಿಯ ಉಪಚಾರವನ್ನೂ ಇದೇ ಕಲ್ಲಿನಿಂದ ತೂಗಬೇಕು. ಹೊಸ ಸೊಂಟನೋವಿಗೆ ಪ್ಯಾರಾಸಿಟಮಾಲ್ ಪೊಳ್ಳು ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ ಎಂದು 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಅವಸರದ ಎಂಆರ್‌ಐ ರೋಗಿಯ ಹೆದರಿಕೆ ಹೆಚ್ಚಿಸುವುದೂ ಉಂಟು: ಯಾವ ನೋವೂ ಇಲ್ಲದ ಇಪ್ಪತ್ತರ ಹರೆಯದವರಲ್ಲೇ ಶೇ. 37ರಷ್ಟು ಮಂದಿಗೆ, ಎಂಬತ್ತರ ವಯಸ್ಸಿನವರಲ್ಲಿ ಶೇ. 96ರಷ್ಟು ಮಂದಿಗೆ ಡಿಸ್ಕ್ ಸವೆದಿರುವುದು ಚಿತ್ರದಲ್ಲಿ ಕಾಣುತ್ತದೆ ಎಂದು 2015ರ ಸಮೀಕ್ಷೆಯೊಂದು ಹೇಳಿದೆ. ನಮ್ಮ ಫಿಸಿಯೊಥೆರಪಿ ಕ್ಲಿನಿಕ್ಕುಗಳಲ್ಲಿ ಕಾಣುವ ಅಲ್ಟ್ರಾಸೌಂಡ್, ಚರ್ಮದ ಮೂಲಕ ಲಘು ವಿದ್ಯುತ್ ಹಾಯಿಸುವ ಟೆನ್ಸ್ ಯಂತ್ರ, ಟ್ರ್ಯಾಕ್ಷನ್, ಔಷಧದಂಗಡಿಯಲ್ಲಿ ಮಾರುವ ಸೊಂಟದ ಬೆಲ್ಟ್, ಇವೆಲ್ಲವನ್ನೂ ದೀರ್ಘಕಾಲದ ಸೊಂಟನೋವಿಗೆ ಮಾಮೂಲಿಯಾಗಿ ಬಳಸಬೇಡಿ ಎಂದು 2023ರ ಅದೇ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಆಸ್ಪತ್ರೆಯದ್ದೆಲ್ಲ ವಿಜ್ಞಾನ, ಕೈಚಿಕಿತ್ಸೆಯದ್ದೆಲ್ಲ ನಂಬಿಕೆ ಎಂಬ ವಿಂಗಡಣೆ ನಿಲ್ಲುವುದಿಲ್ಲ.

ಹೀಗಿರುವಾಗ ಕೈ ಯಾರದು ಎಂಬುದೇ ಮುಖ್ಯವಾಗುತ್ತದೆ. ಬ್ರಿಟನ್ 1993ರಲ್ಲೇ ಆಸ್ಟಿಯೋಪತಿಗೆ ಕಾಯ್ದೆ ಮಾಡಿತು. ಅಲ್ಲಿ ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವುದೇ ಅಪರಾಧ. ಹಾಗೆ ಆಸ್ಟಿಯೋಪತಿಯವರನ್ನು ನೋಂದಾಯಿಸುವ ಪ್ರತ್ಯೇಕ ಶಾಸನಬದ್ಧ ಮಂಡಳಿ ಭಾರತದಲ್ಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಾನದಂಡದ ಪ್ರಕಾರ, ಹಿಂದೆ ಯಾವುದೇ ವೈದ್ಯಕೀಯ ತರಬೇತಿ ಇಲ್ಲದವರು ಆಸ್ಟಿಯೋಪತಿ ಕಲಿಯಲು 4,200 ಗಂಟೆ ಬೇಕು, ಅದರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳ ಜೊತೆಗಿನ ಅಭ್ಯಾಸ. ವಾರಾಂತ್ಯದ ಶಿಬಿರದಲ್ಲಿ ಪಡೆದ ಸರ್ಟಿಫಿಕೇಟನ್ನು ಇದರ ಪಕ್ಕ ಇಟ್ಟು ನೋಡಿ.

ನಮ್ಮ ಊರಿನಲ್ಲಿ ಕೇಳಿ ತಿಳಿಯುವ ದಾರಿ ಇಲ್ಲದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದೇ ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ. ರಾಜ್ಯದ ಫಿಸಿಯೊಥೆರಪಿ, ಪ್ರಕೃತಿ ಚಿಕಿತ್ಸೆ, ಆಯುರ್ವೇದ ಕಾಲೇಜುಗಳು ಅದರ ವ್ಯಾಪ್ತಿಗೆ ಬರುತ್ತವೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಎಸ್‌ಡಿಎಂ ಕಾಲೇಜಿನಂಥ ಕಡೆ ಕಲಿಸುವ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಐದೂವರೆ ವರ್ಷದ್ದು, ಅದರ ಪಾಠದಲ್ಲಿ ಕೈಚಿಕಿತ್ಸೆಯೂ ಇದೆ. ಖಾಸಗಿ ಚಿಕಿತ್ಸಾಲಯಗಳು ರಾಜ್ಯದ 2007ರ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಆದ್ದರಿಂದ ನೀವು ಯಾವ ಪದವಿ ಓದಿದ್ದೀರಿ, ನೋಂದಣಿ ಸಂಖ್ಯೆ ಏನು, ಆಸ್ಟಿಯೋಪತಿಯನ್ನು ಎಲ್ಲಿ, ಎಷ್ಟು ಕಾಲ ಕಲಿತಿರಿ ಎಂದು ಕೇಳುವುದು ಅವಮರ್ಯಾದೆಯಲ್ಲ. ಬಲ್ಲವರು ಖುಷಿಯಿಂದ ಹೇಳುತ್ತಾರೆ.

ಇನ್ನು ಅಪಾಯದ ಮಾತು. ಸೊಂಟಕ್ಕೆ ಕೈಚಿಕಿತ್ಸೆ ಮಾಡಿಸಿಕೊಂಡ ಮೇಲೆ ಒಂದೆರಡು ದಿನ ಮೈಕೈ ನೋವು ಬರುವುದು ಸಾಮಾನ್ಯ, ಗಂಭೀರ ತೊಂದರೆ ಅಪರೂಪ. ಆದರೆ ಕುತ್ತಿಗೆಯನ್ನು ಜೋರಾಗಿ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯುವಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಸಹಜ ಎಂದ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ. ಮೂಳೆ ಸವೆದ ವಯಸ್ಸಾದವರ ಬೆನ್ನನ್ನು ಚುರುಕಾಗಿ ತಳ್ಳುವುದೂ ಸಲ್ಲದು. ನಮ್ಮ ದೇಶದಲ್ಲಿ ಮರೆಯಲಾಗದ ಇನ್ನೊಂದು ಸಂಗತಿ ಬೆನ್ನೆಲುಬಿನ ಕ್ಷಯ: ವಾರಗಟ್ಟಲೆ ಬಿಡದ ನೋವು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಯಾವ ಕೈಯೂ ಅದನ್ನು ನೀವಿ ಗುಣ ಮಾಡಲಾರದು. ಅದಕ್ಕೆ ಬೇಕಾದದ್ದು ಕ್ಷಯದ ಔಷಧ, ಅದೂ ತಡವಿಲ್ಲದೆ. ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕ್ಯಾನ್ಸರ್ ಇದ್ದವರು, ಬಿದ್ದು ಪೆಟ್ಟಾದವರು ಮೊದಲು ವೈದ್ಯರಿಗೆ ತೋರಿಸಲಿ. ಜಯನಗರದ ಪಕ್ಕದ ಬೈರಸಂದ್ರದಲ್ಲೇ ಸರ್ಕಾರದ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ ಇದೆ, ಜೇಬು ಬರಿದಾದವರೂ ಹೋಗಬಹುದು.

ಪರ ಮತ್ತು ವಿರೋಧದ ಎರಡೂ ಬಣ ಒಪ್ಪುವ ಸಂಗತಿ ಒಂದಿದೆ. ಅದು ದೇಹವನ್ನು ಆಡಿಸುವುದು. ಬ್ರಿಟನ್‌ನ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಕೈಚಿಕಿತ್ಸೆಯನ್ನು ಒಪ್ಪುವುದು ವ್ಯಾಯಾಮದ ಜೊತೆಗಿದ್ದರೆ ಮಾತ್ರ. ಬೆಂಗಳೂರಿನ ದಕ್ಷಿಣಕ್ಕಿರುವ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ದೀರ್ಘಕಾಲದ ಸೊಂಟನೋವಿನ 80 ಮಂದಿಯ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಾರದ ಯೋಗ ಶಿಬಿರ ವ್ಯಾಯಾಮದ ಗುಂಪಿಗಿಂತ ಹೆಚ್ಚಾಗಿ ಓಡಾಟದ ತೊಂದರೆಯನ್ನು ತಗ್ಗಿಸಿ ಬೆನ್ನಿನ ಬಾಗುವಿಕೆ ಹೆಚ್ಚಿಸಿತು. ವಾರದ ಶಿಬಿರ ವರ್ಷದ ಫಲ ಹೇಳಲಾರದು, ನಿಜ. ಆದರೂ ಯೋಗ ಮತ್ತು ನಡಿಗೆಯಲ್ಲಿ ಒಂದು ಹಿರಿಮೆಯಿದೆ: ಅವು ರೋಗಿಯ ಕೈಯಲ್ಲೇ ಉಳಿಯುತ್ತವೆ. ಕ್ಲಿನಿಕ್ಕಿನ ಶುಲ್ಕ ತೆರಲಾಗದ ಆಟೋ ಚಾಲಕನಿಗೂ, ನೆಲ ಒರೆಸುವ ತಾಯಿಗೂ ಸಲ್ಲುತ್ತವೆ.

ಎರಡೂ ಕಡೆ ತೂಗಿದ ಮೇಲೆ ನನ್ನ ತೀರ್ಮಾನ ಇಷ್ಟು. ಆಸ್ಟಿಯೋಪತಿ ಬೆನ್ನುನೋವಿಗೆ ಪವಾಡವಲ್ಲ, ಮೋಸವೂ ಅಲ್ಲ. ಅಪಾಯದ ಲಕ್ಷಣ ಇಲ್ಲವೆಂದು ವೈದ್ಯರು ಹೇಳಿದ ಮೇಲೆ, ತರಬೇತಿ ಪಡೆದ, ತಮ್ಮ ಮೂಲ ಪದವಿಗೆ ನೋಂದಣಿ ಇರುವವರ ಕೈಯಲ್ಲಿ, ಕೆಲವು ಭೇಟಿಗಳ ಮಿತಿಯಲ್ಲಿ, ವ್ಯಾಯಾಮದ ಜೊತೆಗೆ ಅದನ್ನು ಪ್ರಯತ್ನಿಸಬಹುದು. ಮೊದಲ ಮೂರು ನಾಲ್ಕು ಭೇಟಿಯಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಹತ್ತಿಪ್ಪತ್ತು ಸೆಷನ್ನಿನ ಪ್ಯಾಕೇಜಿಗೆ ಮುಂಗಡ ಕಟ್ಟಬಾರದು. ಬೇರೆ ಕಾಯಿಲೆಯ ಔಷಧ ಬಿಡಿ ಎಂದವರ ಬಳಿ ಮತ್ತೆ ಹೋಗಬಾರದು. ಸರ್ಕಾರವೂ ತನ್ನ ಪಾಲಿನ ಕೆಲಸ ಮಾಡಲಿ: ಆಸ್ಟಿಯೋಪತಿ ಹೆಸರಿನಲ್ಲಿ ಚಿಕಿತ್ಸೆ ಕೊಡುವವರ ಅರ್ಹತೆಯನ್ನು ಕಾಯ್ದೆಯಿಂದ ನಿಗದಿ ಮಾಡಿ, ಅವರ ಪಟ್ಟಿಯನ್ನು ಜನರ ಕಣ್ಣಿಗೆ ಬೀಳುವಂತೆ ಇಡಲಿ. ಅದು ಆಗುವವರೆಗೆ ಮಂಚದ ಮೇಲೆ ಬೋರಲು ಮಲಗುವ ಮುನ್ನ ಚಿಕಿತ್ಸಕರ ಅರ್ಹತೆ ಕೇಳಿ ತಿಳಿದುಕೊಳ್ಳುವ ಹೊಣೆ ನಿಮ್ಮದು. ಸಂಕೋಚವಿಲ್ಲದೆ ಕೇಳಿ.